‘ತಮ್ಮ ಒಳ್ಳೆಯವನು’ ಎಂದು ಊರ ಹಿರಿಯರಿಂದ ಕೋರ್ಟಿನಲ್ಲಿ ಸಾಕ್ಷಿ ಹೇಳಿಸಬಹುದೇ?

ಕಾನೂನಿನಲ್ಲಿ ಅವಕಾಶ ಇದೆ. ಆದರೂ ಬೇಡ ಅಂತಲೇ ಹೇಳುತ್ತೇನೆ.

ನನ್ನ ತಮ್ಮನ ಮೇಲೂ ನಿಮ್ಮ ತಮ್ಮನ ಹಾಗೆ ಹಲ್ಲೆ ಕೇಸೇ ಇದ್ದದ್ದು. ಬದುವಿನ ಜಗಳ, ದೊಣ್ಣೆಯಲ್ಲಿ ಹೊಡೆದ ಅಂತ ಆಗಿನ ಭಾರತೀಯ ದಂಡ ಸಂಹಿತೆಯ 324ನೇ ಕಲಂ, ಅಂದರೆ ಅಪಾಯಕಾರಿ ಆಯುಧದಿಂದ ಗಾಯ ಮಾಡಿದ ಆರೋಪ. ಸರ್ಕಾರದ ಕಡೆಯ ಸಾಕ್ಷಿ ಸಡಿಲವಾಗಿತ್ತು. ಪೊಲೀಸರ ಮಹಜರಿಗೆ ಸಹಿ ಹಾಕಿದ್ದ ಪಂಚ ತಿರುಗಿಬಿದ್ದಿದ್ದ. ಕಣ್ಣಾರೆ ಕಂಡೆ ಅಂದವನು ಪಾಟೀಸವಾಲಿನಲ್ಲಿ ‘ಕತ್ತಲಾಗಿತ್ತು’ ಅಂತ ಒಪ್ಪಿದ್ದ. ವಕೀಲರು ಇಷ್ಟೇ ಸಾಕು ಅಂದರು. ನಾನೇ ಹಟ ಹಿಡಿದು ದೊಡ್ಡಪ್ಪನನ್ನು ಸಾಕ್ಷಿಕಟ್ಟೆ ಹತ್ತಿಸಿದೆ. ‘ಹುಡುಗ ಸಾಧು, ಯಾರ ತಂಟೆಗೂ ಹೋಗೋನಲ್ಲ’ ಅಂದರು. ಎಪಿಪಿ (ಸರ್ಕಾರದ ಪರ ವಾದಿಸುವ ವಕೀಲರು) ಎದ್ದು ಕೇಳಿದ್ದು ಒಂದೇ: ‘ಜಾತ್ರೆ ಗಲಾಟೆ ಕೇಸಲ್ಲಿ ಇವನು ತಪ್ಪೊಪ್ಪಿ ದಂಡ ಕಟ್ಟಿದ್ದು ಗೊತ್ತೇನ್ರಿ?’ ದೊಡ್ಡಪ್ಪ ಸುಳ್ಳು ಹೇಳುವವರಲ್ಲ. ‘ಗೊತ್ತು ಸ್ವಾಮಿ’ ಅಂದರು. ಹಳೇ ತೀರ್ಪಿನ ನಕಲು ಫೈಲಿಗೆ ಸೇರಿತು.

ಆ ಹಳೇ ಕೇಸನ್ನು ಎಪಿಪಿ ತಾವಾಗಿ ಎತ್ತುವ ಹಾಗೇ ಇರಲಿಲ್ಲ. ಆರೋಪಿಯ ಹಿಂದಿನ ಕೆಟ್ಟ ನಡತೆ ಸುಸಂಗತವಲ್ಲ, ಅಂದರೆ ಸಾಕ್ಷ್ಯವಾಗಿ ತರುವ ಹಾಗಿಲ್ಲ ಅಂತ 1872ರ ಸಾಕ್ಷ್ಯ ಕಾಯ್ದೆಯ 54ನೇ ಕಲಮೇ ಹೇಳುತ್ತಿತ್ತು. ನಾವು ಒಳ್ಳೇ ನಡತೆಯ ಸಾಕ್ಷಿ ಕೊಟ್ಟರೆ ಮಾತ್ರ ಅದಕ್ಕೆ ಉತ್ತರವಾಗಿ ಕೆಟ್ಟದ್ದನ್ನು ತರಬಹುದು, ಹಿಂದಿನ ಶಿಕ್ಷೆಯೂ ಅದರಲ್ಲಿ ಬರುತ್ತದೆ. ಅಂದರೆ ಹಾಕಿದ್ದ ಬಾಗಿಲಿನ ಚಿಲಕ ತೆಗೆದುಕೊಟ್ಟವನು ನಾನು. ವಕೀಲರು ಹೇಳಿದಾಗ ‘ಹಳೇ ಕಥೆ, ದಂಡ ಕಟ್ಟಿ ಮುಗಿದಿದೆ, ಈಗ ಯಾರು ಕೇಳ್ತಾರೆ’ ಅಂದಿದ್ದೆ. ತಮ್ಮನಿಗೆ ಶಿಕ್ಷೆಯಾಯಿತು. ತೀರ್ಪಿನಲ್ಲಿ ದೊಡ್ಡಪ್ಪನ ಆ ಉತ್ತರವೂ ಇದೆ. ಅಪೀಲು ಸೆಷನ್ಸ್‌ನಲ್ಲಿ ನಡೆಯುತ್ತಿದೆ.

2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದರೂ ನಿಯಮ ಅದೇ: ಒಳ್ಳೇ ನಡತೆಗೆ 47ನೇ ಕಲಂ, ಕೆಟ್ಟದ್ದಕ್ಕೆ 49.

ನಿಮ್ಮ ತಮ್ಮನ ಮೇಲೆ ಹಳೇದೇನೂ ಇಲ್ಲ ಅಂದುಕೊಳ್ಳೋಣ. ಆಗಲೂ ನಡತೆಯ ಸಾಕ್ಷ್ಯ ಬಲು ದುರ್ಬಲ, ನೇರ ಸಾಕ್ಷ್ಯದ ಮುಂದೆ ನಿಲ್ಲದು ಅಂತ ಭಗವಾನ್ ಸ್ವರೂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಅವನು ಎಂಥವನು ಅನ್ನೋದಲ್ಲ, ಆ ಹೊತ್ತು ಹೊಡೆದನೋ ಇಲ್ಲವೋ ಅನ್ನೋದು ಅಲ್ಲಿನ ಪ್ರಶ್ನೆ. ಗಾಯದ ಸರ್ಟಿಫಿಕೇಟು ಓದಿಸಿ. ಫಿರ್ಯಾದು ಯಾಕೆ ತಡವಾಯಿತು ಕೇಳಿಸಿ. ಪಂಚಾಯ್ತಿಯ ನಡತೆ ಪತ್ರ ತಂದಿದ್ದೀನಿ ಅಂತ ಬರೆದಿದ್ದೀರಿ. ಬರೆದವರು ಬಂದು ಪಾಟೀಸವಾಲಿಗೆ ನಿಲ್ಲದೆ ಆ ಕಾಗದಕ್ಕೆ ಬೆಲೆಯಿಲ್ಲ.

ಹಿರಿಯರ ಮಾತಿಗೆ ಜಾಗ ಇರೋದು ತಪ್ಪು ಸಾಬೀತಾದ ಮೇಲೆ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ 4ನೇ ಕಲಂನಲ್ಲಿ ಅಪರಾಧಿಯ ನಡತೆ ನೋಡಿ ಜೈಲಿಗೆ ಕಳಿಸದೆ ಮುಚ್ಚಳಿಕೆಯ ಮೇಲೆ ಬಿಡಬಹುದು. ಅದನ್ನು ಕೇಳೋಕೆ ನಿಮ್ಮ ವಕೀಲರಿಗೆ ಈಗಲೇ ಹೇಳಿಡಿ.