ಕಲಬುರಗಿಯಲ್ಲಿ ಯಾರೋ ಪರವಾನಗಿ ಇಲ್ಲದೆ ವಾಕಿಟಾಕಿ ಬಳಸುತ್ತಿದ್ದರೆ, ಅದು ಎಲ್ಲಿದೆ ಎಂದು ಆಂಟೆನಾಗಳಿಂದ ಹೇಗೆ ಪತ್ತೆ ಹಚ್ಚುತ್ತಾರೆ?

ಒಂದೇ ಆಂಟೆನಾದಿಂದಲ್ಲ, ಪಕ್ಕಪಕ್ಕದಲ್ಲಿ ನಿಲ್ಲಿಸಿದ ಹಲವು ಆಂಟೆನಾಗಳಿಂದ. ಅಲೆ ಯಾವ ಕಡೆಯಿಂದ ಬರುತ್ತದೆಯೋ ಆ ಕಡೆಯ ಆಂಟೆನಾವನ್ನು ಮೊದಲು ಮುಟ್ಟುತ್ತದೆ, ಉಳಿದವನ್ನು ಕೊಂಚ ತಡವಾಗಿ. ದಿಕ್ಕಿನ ಗುಟ್ಟು ಇರುವುದು ಆ ತಡದಲ್ಲಿ.

ತಡ ಬಲು ಸಣ್ಣದು. ರೇಡಿಯೊ ಅಲೆ ಒಂದು ನ್ಯಾನೊಸೆಕೆಂಡಿನಲ್ಲಿ (ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲು) ಸುಮಾರು 30 ಸೆಂ.ಮೀ. ಸಾಗುತ್ತದೆ. ಅದನ್ನು ಗಡಿಯಾರದಿಂದ ಅಳೆಯುವ ಗೋಜಿಗೆ ಹೋಗದೆ, ಅಲೆಯ ಏರಿಳಿತ ಎರಡು ಆಂಟೆನಾಗಳಲ್ಲಿ ಎಷ್ಟು ಹಿಂದುಮುಂದಾಗಿದೆ ಎಂದು ಹೋಲಿಸುತ್ತಾರೆ. 150 ಮೆಗಾಹರ್ಟ್ಸ್‌ನ ಅಲೆಯ ಉದ್ದ 2 ಮೀಟರ್. ಆಂಟೆನಾಗಳ ಅಂತರ 1 ಮೀಟರ್ ಇದ್ದಾಗ, ಅಲೆ ನೇರ ಎದುರಿನಿಂದ ಬಂದರೆ ವ್ಯತ್ಯಾಸ ಸೊನ್ನೆ. 30 ಡಿಗ್ರಿ ಓರೆಯಾಗಿ ಬಂದರೆ ಅರ್ಧ ಮೀಟರ್, ಅಂದರೆ ಕಾಲು ಅಲೆಯಷ್ಟು. ಎರಡೇ ಆಂಟೆನಾ ಇದ್ದರೆ ಅಲೆ ಮುಂದಿನಿಂದ ಬಂತೋ ಹಿಂದಿನಿಂದಲೋ ತಿಳಿಯದು. ಹಾಗಾಗಿ ನಾಲ್ಕೈದನ್ನು ವೃತ್ತಾಕಾರವಾಗಿ ನಿಲ್ಲಿಸುತ್ತಾರೆ.

ಇಷ್ಟರಿಂದ ಸಿಗುವುದು ದಿಕ್ಕು ಮಾತ್ರ. ಕೋಟೆಯ ಬಳಿ ಒಮ್ಮೆ, ಬುದ್ಧ ವಿಹಾರದ ಬಳಿ ಇನ್ನೊಮ್ಮೆ ಅಳೆದು ನಕ್ಷೆಯ ಮೇಲೆ ಗೆರೆ ಎಳೆದರೆ, ಅವು ಕೂಡುವಲ್ಲಿ ವಾಕಿಟಾಕಿ. ಸೂಪರ್ ಮಾರ್ಕೆಟ್‌ನಂಥ ಕಿಕ್ಕಿರಿದ ಜಾಗದಲ್ಲಿ ನಿಂತು ಅಳೆದ ಗೆರೆಯನ್ನು ಮಾತ್ರ ನಾನು ನಂಬುವುದಿಲ್ಲ: ಗೋಡೆಗೆ, ತಗಡಿಗೆ ಬಡಿದು ಬಂದ ಅಲೆ ಸುಳ್ಳು ದಿಕ್ಕು ತೋರಿಸುತ್ತದೆ.