ಟಂಕಸಾಲೆಯ ದೋಷವೋ, ಹೊರಗಿನ ಕೈಕೆಲಸವೋ?

ನಾಣ್ಯ ಸಂಗ್ರಹ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮೂರ ಸಂತೆಯಲ್ಲಿ ಹಳೆಯ ನಾಣ್ಯಗಳನ್ನು ಹರಡಿಕೊಂಡು ಕೂರುವವರೊಬ್ಬರು 1998ರ ಸ್ಟೀಲಿನ ಒಂದು ರೂಪಾಯಿ ನಾಣ್ಯ ತೋರಿಸಿದರು. ಅಂಚಿನಲ್ಲಿ ಅರ್ಧಚಂದ್ರದ ಆಕಾರದಲ್ಲಿ ಒಂದು ತುಣುಕು ಇಲ್ಲ. ಟಂಕಸಾಲೆಯಲ್ಲೇ ಆದ ತಪ್ಪು ಎನ್ನುತ್ತಾ ದೊಡ್ಡ ಬೆಲೆ ಕೇಳುತ್ತಿದ್ದಾರೆ. ಅಕ್ಕಸಾಲಿಗರಲ್ಲಿ ತೂಕ ಹಾಕಿಸಿದರೆ ಸತ್ಯ ತಿಳಿಯುತ್ತದೆಯೇ?
(ಚಿಂತಾಮಣಿಯ ಓದುಗರು)

ಉತ್ತರ: ಈ ನಾಣ್ಯದ ಮಟ್ಟಿಗೆ ತೂಕದಿಂದ ಪ್ರಯೋಜನವಿಲ್ಲ. ಆ ವರ್ಷಗಳ ಸ್ಟೀಲಿನ ಒಂದು ರೂಪಾಯಿ 4.85 ಗ್ರಾಂ ತೂಗುತ್ತದೆ, 25 ಮಿಲಿಮೀಟರ್ ಅಗಲವಿರುತ್ತದೆ. ತುಣುಕು ಟಂಕಸಾಲೆಯಲ್ಲಿ ಹೋಗಿದ್ದರೂ, ಯಾರೋ ಅರ ಹಾಕಿ ತೆಗೆದಿದ್ದರೂ ತೂಕ ಕಡಿಮೆಯೇ ಬರುತ್ತದೆ. ನೀವು ಪತ್ತೆ ಮಾಡಬೇಕಾದದ್ದು ಆ ತುಣುಕು ಹೋದದ್ದು ಅಚ್ಚು ಒತ್ತುವ ಮೊದಲೋ ಅನಂತರವೋ ಎಂಬುದನ್ನು.

ಟಂಕಸಾಲೆಯಲ್ಲಿ ಲೋಹದ ಉದ್ದನೆಯ ಪಟ್ಟಿಯಿಂದ ದುಂಡನೆಯ ಬಿಲ್ಲೆಗಳನ್ನು ಕತ್ತರಿಸಿ, ಅವುಗಳ ಅಂಚನ್ನು ಯಂತ್ರದಲ್ಲಿ ಒತ್ತಿ ತುಸು ಎಬ್ಬಿಸಿ, ಬಳಿಕ ಕಾಲರ್ ಎಂಬ ಉಕ್ಕಿನ ಬಳೆಯೊಳಗೆ ಕೂರಿಸಿ ಎರಡು ಅಚ್ಚುಗಳ ನಡುವೆ ಒತ್ತುತ್ತಾರೆ. ಪಟ್ಟಿ ಮುಂದಕ್ಕೆ ಸರಿಯಬೇಕಾದಷ್ಟು ಸರಿಯದೆ ನಿಂತರೆ, ಕತ್ತರಿಸುವ ಯಂತ್ರ ಹಿಂದಿನ ಬಿಲ್ಲೆ ಹೋದ ತೂತಿನ ಮೇಲೆ ಅಷ್ಟಿಷ್ಟು ಬಿದ್ದು, ಅಂಚು ಕಚ್ಚಿದಂತಿರುವ ಬಿಲ್ಲೆ ಹೊರಬರುತ್ತದೆ. ಅಚ್ಚು ಬೀಳುವುದು ಆಮೇಲೆ. ಒತ್ತಡಕ್ಕೆ ಸಿಕ್ಕ ಲೋಹವು ಖಾಲಿಯಿರುವ ಆ ಜಾಗದತ್ತ ಹರಿಯುವುದರಿಂದ, ಅಲ್ಲಿನ ಅಕ್ಷರಗಳು ಕಚ್ಚಿದ ಅಂಚಿನ ಕಡೆಗೆ ಸ್ವಲ್ಪ ಜಗ್ಗಿದಂತೆ, ತುದಿಯಲ್ಲಿ ಮಸುಕಾಗಿ ಕಾಣುತ್ತವೆ. ಸಿದ್ಧ ನಾಣ್ಯವನ್ನು ಕತ್ತರಿಸಿದ್ದರೆ ಅಕ್ಷರ ತನ್ನ ಪೂರ್ತಿ ಎತ್ತರದಲ್ಲೇ ಥಟ್ಟನೆ ತುಂಡಾಗಿರುತ್ತದೆ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿಯಲ್ಲಿ ಈ ವ್ಯತ್ಯಾಸ ಸ್ಪಷ್ಟವಾಗಿ ತಿಳಿಯುತ್ತದೆ.

ಇನ್ನು ತುಣುಕು ಹೋದ ಜಾಗದ ಸರಿಯಾಗಿ ಎದುರು ದಿಕ್ಕಿನ ಅಂಚನ್ನು ನೋಡಿ. ಅಂಚು ಎಬ್ಬಿಸುವ ಯಂತ್ರ ಬಿಲ್ಲೆಯನ್ನು ಎದುರುಬದುರಾಗಿ ಹಿಡಿದು ಉರುಳಿಸುತ್ತದೆ. ಒಂದು ಬದಿಯಲ್ಲಿ ಲೋಹವೇ ಇಲ್ಲದಿದ್ದರೆ ಇನ್ನೊಂದು ಬದಿಗೂ ಸಾಕಷ್ಟು ಒತ್ತಡ ಬೀಳದೆ, ಅಲ್ಲಿನ ಏರು ತೆಳುವಾಗಿಯೋ ಅರೆಬರೆಯಾಗಿಯೋ ಉಳಿಯುತ್ತದೆ. ಅರ ಹಿಡಿದು ಕೂತವರಿಗೆ ಸಾಮಾನ್ಯವಾಗಿ ಇದು ಹೊಳೆಯುವುದಿಲ್ಲ, ಹೊಳೆದರೂ ಸಹಜವಾಗಿ ಮಾಡುವುದು ಸುಲಭವಲ್ಲ. ಎಲ್ಲ ಅಸಲಿ ನಾಣ್ಯಗಳಲ್ಲೂ ಈ ಗುರುತು ಎದ್ದು ಕಾಣದಿರಬಹುದು. ಆದರೆ ಕಂಡರೆ ಅದು ಬಲವಾದ ಸಾಕ್ಷಿ. ಕೊನೆಯದಾಗಿ, ಅದೇ ಅಳತೆಯ ಇನ್ನೊಂದು ಒಂದು ರೂಪಾಯಿಯನ್ನು ಆ ಕಚ್ಚಿನೊಳಗೆ ಇಟ್ಟು ನೋಡಿ. ಕಚ್ಚು ಬಿದ್ದದ್ದು ಇನ್ನೊಂದು ಬಿಲ್ಲೆಯ ತೂತಿನಿಂದಾದ್ದರಿಂದ ಎರಡರ ಬಾಗು ಹೆಚ್ಚುಕಡಿಮೆ ಹೊಂದಬೇಕು. ಬಾಗು ಕಿರಿದಾಗಿದ್ದು, ಒಳಮೈಯಲ್ಲಿ ಒಂದೇ ದಿಕ್ಕಿನ ಹೊಸ ಗೀರುಗಳಿದ್ದರೆ ಅದು ಅರದ ಕೆಲಸ. ನೋಡುವ ಮೊದಲು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಅಸಲಿ ನಾಣ್ಯವೇ ಆಗಿದ್ದರೂ ತಿಕ್ಕಿದ ಮೇಲೆ ಅದರ ಮೂಲ ಹೊಳಪು ಹೋಗುತ್ತದೆ, ಬೆಲೆಯೂ ಇಳಿಯುತ್ತದೆ.

ಪ್ರಶ್ನೆ: ನನ್ನ ಬಳಿಯ ಹತ್ತು ರೂಪಾಯಿ ನಾಣ್ಯದಲ್ಲಿ ಹೊರಬಳೆಯ ಅಕ್ಷರಗಳು ನೇರವಾಗಿರುವಂತೆ ಹಿಡಿದರೆ ನಡುವಿನ ಸಿಂಹಲಾಂಛನ ಓರೆಯಾಗಿ ನಿಲ್ಲುತ್ತದೆ. ಇದು ಅಪರೂಪದ್ದೇ?
(ಶಿರಾದ ಓದುಗರು)

ಉತ್ತರ: ಅಲ್ಲ, ಬಿಚ್ಚಿ ಮತ್ತೆ ಕೂಡಿಸಿದ ನಾಣ್ಯ ಅದು. ಹಳದಿ ಬಳೆ ಮತ್ತು ಬಿಳಿ ನಡುಬಿಲ್ಲೆ ಟಂಕಸಾಲೆಗೆ ಬೇರೆ ಬೇರೆಯಾಗಿಯೇ ಬಂದರೂ, ಅವೆರಡೂ ಒಂದಾಗುವುದು ಮತ್ತು ಅವುಗಳ ಮೇಲೆ ಚಿತ್ರ ಮೂಡುವುದು ಒಂದೇ ಏಟಿನಲ್ಲಿ. ಚಿತ್ರ ಮೂಡಿದ ಮೇಲೆ ನಡುಬಿಲ್ಲೆ ಒಂದು ಕಡೆ, ಬಳೆ ಇನ್ನೊಂದು ಕಡೆ ತಿರುಗಿರಲು ಟಂಕಸಾಲೆಯಲ್ಲಿ ದಾರಿಯೇ ಇಲ್ಲ. ಒತ್ತುವ ಮೊದಲೇ ನಡುಬಿಲ್ಲೆ ಪಕ್ಕಕ್ಕೆ ಸರಿದು ಕೂತಿದ್ದ ನಿಜವಾದ ದೋಷದಲ್ಲಿ, ಬಿಳಿ ಲೋಹ ಬಳೆಯ ಮೇಲೆ ಚಾಚಿಕೊಂಡಿದ್ದರೂ ಚಿತ್ರದ ಗೆರೆಗಳು ಮಾತ್ರ ಎರಡು ಲೋಹಗಳ ಮೇಲೂ ಎಲ್ಲಿಯೂ ಕಡಿಯದೆ ಸಾಗಿರುತ್ತವೆ. ನಿಮ್ಮ ನಾಣ್ಯದಲ್ಲಿ ಎರಡೂ ಲೋಹ ಕೂಡುವ ಗೆರೆಯನ್ನು ಭೂತಗನ್ನಡಿಯಲ್ಲಿ ನೋಡಿ. ಸುತ್ತಿಗೆಯ ಏಟಿನ ಚಪ್ಪಟೆ ಗುರುತೋ ಕೂದಲೆಳೆಯಷ್ಟು ಸಂದೋ ಸಿಗುವ ಸಾಧ್ಯತೆ ಹೆಚ್ಚು.

ಮುಮ್ಮುಖ ನೇರವಿದ್ದಾಗ ಹಿಮ್ಮುಖ ಇಡಿಯಾಗಿ ತಿರುಗಿರುವುದು ಬೇರೆಯೇ ದೋಷ, ಅದು ಅಸಲಿಯೂ ಹೌದು. ನಮ್ಮ ನಾಣ್ಯವನ್ನು ಮೇಲೂ ಕೆಳಗೂ ಬೆರಳಿಟ್ಟು ಹಿಡಿದು ಪಕ್ಕಕ್ಕೆ ಹೊರಳಿಸಿದರೆ ಹಿಂದಿನ ಮುಖವೂ ನೆಟ್ಟಗೆ ನಿಲ್ಲಬೇಕು. ಅಚ್ಚು ಸಡಿಲವಾಗಿ ತಿರುಗಿದ್ದರೆ ಓರೆಯಾಗುತ್ತದೆ, ಆದರೆ ಆಗ ಬಳೆಯ ಅಕ್ಷರಗಳೂ ನಡುವಿನ ಚಿತ್ರವೂ ಒಟ್ಟಿಗೇ ತಿರುಗಿರುತ್ತವೆ.

ಇದರ ಜೊತೆಗೇ ಒಂದು ಮಾತು: ₹ ಚಿಹ್ನೆ ಇಲ್ಲದ ಹತ್ತು ರೂಪಾಯಿ ನಾಣ್ಯ ದೋಷದ್ದೂ ಅಲ್ಲ, ಖೋಟಾ ಕೂಡ ಅಲ್ಲ. ಆ ಚಿಹ್ನೆ ಬಂದದ್ದೇ 2010ರಲ್ಲಿ. ಹತ್ತು ರೂಪಾಯಿಯ 14 ವಿನ್ಯಾಸಗಳೂ ಚಲಾವಣೆಗೆ ಅರ್ಹ ಎಂದು ರಿಸರ್ವ್ ಬ್ಯಾಂಕು 2018ರ ಜನವರಿಯಲ್ಲೇ ತಿಳಿಸಿದೆ. ಅಂಗಡಿಯವರು ಬೇಡವೆಂದರೆ ಇದನ್ನು ಹೇಳಿ.

ಪ್ರಶ್ನೆ: ಒಂದು ಬದಿಯಲ್ಲಿ ಅಕ್ಷರಗಳು ಒಳಕ್ಕೆ ತಗ್ಗಿ, ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿವೆ. ಇದನ್ನು ಕೊಳ್ಳಬಹುದೇ?
(ಮಾಲೂರಿನ ಓದುಗರು)

ಉತ್ತರ: ಒತ್ತಿದ ನಾಣ್ಯ ಅಚ್ಚಿಗೇ ಅಂಟಿಕೊಂಡು, ಮುಂದಿನ ಬಿಲ್ಲೆಗೆ ಅದೇ ಅಚ್ಚಾದಾಗ ಹೀಗಾಗುತ್ತದೆ. ಆಗ ಆ ಬದಿಯಲ್ಲಿ ತಗ್ಗಾಗಿ, ತಿರುವಾಗಿ ಮೂಡುವುದು ಇನ್ನೊಂದು ಬದಿಯಲ್ಲಿ ಉಬ್ಬಾಗಿ, ನೇರವಾಗಿ ಇರುವ ಚಿತ್ರವೇ. ಒಂದು ಬದಿಯಲ್ಲಿ ಸಿಂಹ ಉಬ್ಬಿದ್ದರೆ ಮತ್ತೊಂದು ಬದಿಯಲ್ಲೂ ಸಿಂಹವೇ ತಗ್ಗಿನಲ್ಲಿರಬೇಕು. ಆ ಬದಿಯಲ್ಲಿರಬೇಕಾಗಿದ್ದ ಅಂಕಿ, ವರ್ಷಗಳ ಸುಳಿವೇ ಇರಬಾರದು. ಎರಡು ನಾಣ್ಯಗಳನ್ನು ವೈಸ್ ಎಂಬ ತಿರುಪಿನ ಇಕ್ಕಳದಲ್ಲಿ ಸಿಕ್ಕಿಸಿ ಬಿಗಿದು ಮಾಡಿದ್ದರೆ, ತಗ್ಗಿದ ಅಕ್ಷರಗಳ ಸಂದಿನಲ್ಲಿ ಮೂಲ ಚಿತ್ರದ ಚೂರುಗಳು ಚಪ್ಪಟೆಯಾಗಿ ಉಳಿದಿರುತ್ತವೆ, ಬೆನ್ನಿನ ಬದಿಯೂ ಉಜ್ಜಿ ಹೋದಂತಿರುತ್ತದೆ. ಸಂಗ್ರಹಕ್ಕೆ ಹೊಸದಾಗಿ ಬಂದ ಶಾಲಾ ಮಕ್ಕಳಿಗೆ ಇಂಥವನ್ನು ಮಾರುವುದನ್ನು ಕಂಡಾಗ ನನಗೆ ನಿಜಕ್ಕೂ ನೋವಾಗುತ್ತದೆ. ಕೊಳ್ಳುವ ಮೊದಲು ಎರಡೂ ಬದಿ ನೋಡಲು ಬಿಡದವರ ಬಳಿ ಕೊಳ್ಳಲೇಬೇಡಿ.

ಪ್ರಶ್ನೆ: ತಾಮ್ರದ ಬಣ್ಣದ ಒಂದು ರೂಪಾಯಿ ಸಿಕ್ಕಿದೆ. ಬೇರೆ ಲೋಹದಲ್ಲಿ ಒತ್ತಿದ್ದೇ?
(ಕೆ.ಜಿ.ಎಫ್.ನ ಓದುಗರು)

ಉತ್ತರ: ಇಲ್ಲಿ ತೂಕ ಮತ್ತು ಅಯಸ್ಕಾಂತ ಎರಡೂ ಬೇಕು. ನಮ್ಮ ಸ್ಟೀಲಿನ ನಾಣ್ಯಗಳು ಅಯಸ್ಕಾಂತಕ್ಕೆ ಅಂಟುತ್ತವೆ. ನಿಮ್ಮದೂ ಅಂಟಿ, ತೂಕವೂ ಆ ವರ್ಷದ ನಾಣ್ಯಕ್ಕೆ ಸರಿಹೊಂದಿದರೆ ಅದು ಹೊರಗೆ ಲೇಪ ಕೊಟ್ಟ ಸಾಮಾನ್ಯ ನಾಣ್ಯವೆಂದೇ ತಿಳಿಯಿರಿ.

ಪ್ರಶ್ನೆ: ದೋಷದ ನಾಣ್ಯಕ್ಕೆ ರಿಸರ್ವ್ ಬ್ಯಾಂಕೇ ಲಕ್ಷಗಟ್ಟಲೆ ಕೊಡುತ್ತದೆ, ಮೊದಲು ನೋಂದಣಿ ಶುಲ್ಕ ಕಟ್ಟಿ ಎಂದು ಫೋನ್ ಬಂದಿದೆ. ನನ್ನ ನಾಣ್ಯದಲ್ಲಿ ವರ್ಷದ ಕೆಳಗೆ ಟಂಕಸಾಲೆಯ ಗುರುತೇ ಇಲ್ಲ.
(ತಿಪಟೂರಿನ ಓದುಗರು)

ಉತ್ತರ: ಒಂದು ಪೈಸೆಯನ್ನೂ ಕಟ್ಟಬೇಡಿ. ರಿಸರ್ವ್ ಬ್ಯಾಂಕು ಇಂಥ ವ್ಯವಹಾರ ನಡೆಸುವುದಿಲ್ಲ, ಶುಲ್ಕ ಕಮಿಷನ್ ಕೇಳುವುದೂ ಇಲ್ಲ ಎಂದು 2021ರ ಆಗಸ್ಟ್‌ನಲ್ಲಿ ಆ ಬ್ಯಾಂಕೇ ಎಚ್ಚರಿಕೆ ಕೊಟ್ಟಿದೆ. ಇನ್ನು ಗುರುತಿನ ವಿಷಯ: ಮುಂಬಯಿಯದು ವಜ್ರಾಕೃತಿ, ಹೈದರಾಬಾದಿನದು ನಕ್ಷತ್ರ, ನೊಯ್ಡಾದ್ದು ಚುಕ್ಕೆ. ಕೋಲ್ಕತ್ತಾದ ಟಂಕಸಾಲೆ ಗುರುತು ಹಾಕುವುದಿಲ್ಲ. ನಿಮ್ಮದು ಅಲ್ಲಿ ತಯಾರಾದ ಸಾಮಾನ್ಯ ನಾಣ್ಯ.