“ಎರಡೇ ವಾರದಲ್ಲಿ ಇರಾನಿಗೆ ಅಣುಬಾಂಬ್” ಅಂದರೆ ಏನು ಲೆಕ್ಕ?

ಮಗ ದುಬೈಯಲ್ಲಿದ್ದಾನೆ, ಇತ್ತ ಕುಂಬಳೆಯ ಮನೆಯಲ್ಲಿ ಟಿವಿ ಹಾಕಿದರೆ “ಎರಡೇ ವಾರದಲ್ಲಿ ಇರಾನಿಗೆ ಬಾಂಬ್” ಅಂತ ಬರುತ್ತಾ ಉಂಟು, ಇದರಲ್ಲಿ ನಿಜವೆಷ್ಟು, ಹೆದರಿಸುವುದೆಷ್ಟು ಅಂತ ಕೇಳಿದ್ದೀರಿ.

ಎರಡು ವಾರ ಅನ್ನುವುದು ಪೂರ್ತಿ ಸುಳ್ಳಲ್ಲ. ಅದು ಯಾವುದರ ಲೆಕ್ಕ ಅನ್ನುವುದನ್ನು ಮಾತ್ರ ನುಂಗಿಬಿಡುತ್ತಾರೆ. 2024ರ ಜುಲೈಯಲ್ಲಿ ಅಮೆರಿಕದ ಆಗಿನ ವಿದೇಶಾಂಗ ಸಚಿವ ಬ್ಲಿಂಕೆನ್ ಕೂಡ ಒಂದೆರಡು ವಾರ ಎಂದೇ ಹೇಳಿದ್ದರು. ಅದು ಬಾಂಬಿಗೆ ಬೇಕಾದ ಯುರೇನಿಯಂ ತಯಾರಾಗುವ ಸಮಯ, ಬಾಂಬ್ ತಯಾರಾಗುವುದಲ್ಲ.

ನಮ್ಮ ಅಡಿಕೆಯಲ್ಲೇ ಹೇಳುತ್ತೇನೆ. ಗಣಿಯ ಯುರೇನಿಯಂನಲ್ಲಿ ಕೆಲಸಕ್ಕೆ ಬರುವ ಬಗೆ, ಅಂದರೆ ಯು-235, ಸಾವಿರಕ್ಕೆ ಏಳು. ಸಾವಿರ ಅಡಿಕೆಯ ರಾಶಿಯಲ್ಲಿ ಏಳೇ ಏಳು ಒಳ್ಳೆ ಚಾಲಿ, ಉಳಿದದ್ದೆಲ್ಲ ಹಾಳಾದ ಕರಿಗೋಟು ಅಂತ ಇಟ್ಟುಕೊಳ್ಳಿ. ಕರಿಗೋಟು ಹೆಕ್ಕಿ ಬಿಸಾಡುತ್ತಾ ರಾಶಿ 200ಕ್ಕೆ ಇಳಿದರೆ ಶೇ. 3.5, ವಿದ್ಯುತ್ ಸ್ಥಾವರಕ್ಕೆ ಧಾರಾಳ ಸಾಕು. 35ಕ್ಕೆ ಇಳಿದರೆ ಶೇ. 20. ಹನ್ನೆರಡು ಉಳಿದರೆ ಸುಮಾರು 60, ಎಂಟು ಉಳಿದರೆ 90ರ ಹತ್ತಿರ, ಅದು ಬಾಂಬಿನ ದರ್ಜೆ. ಬೆವರು ಹೋಗುವುದೆಲ್ಲ ಸಾವಿರವನ್ನು ಇನ್ನೂರು ಮಾಡುವುದರಲ್ಲಿ. ಹನ್ನೆರಡರಿಂದ ಎಂಟಕ್ಕೆ ಹೆಕ್ಕಲಿಕ್ಕೆ ನಾಲ್ಕೇ ಅಡಿಕೆ. ವಾರಗಳ ಲೆಕ್ಕ ಹುಟ್ಟುವುದು ಇಲ್ಲಿ.

ಶೇ. 60ರ ಸರಕು ಸುಮಾರು 42 ಕೆ.ಜಿ. ಇದ್ದರೆ, ಇನ್ನೂ ಶುದ್ಧ ಮಾಡಿ ಒಂದು ಬಾಂಬಿಗೆ ಸಾಕು ಎನ್ನುವುದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಅಳತೆಗೋಲು. 2025ರ ಮೇ ವರದಿಯಲ್ಲಿ ಅದೇ ಸಂಸ್ಥೆ ಇರಾನಿನ ಹತ್ತಿರ ಅಂಥದ್ದು 408.6 ಕೆ.ಜಿ. ಉಂಟೆಂದಿತು. ಇದೇನು ಸಣ್ಣ ವಿಷಯ ಅಲ್ಲ ಮಾರಾಯ್ರೇ, ಕರೆಂಟು ತೆಗೆಯಲಿಕ್ಕೆ ಶೇ. 60 ಬೇಕಾಗಿಲ್ಲ. ಆದರೆ ಅಮೆರಿಕ ಮೊದಲಾದ ದೇಶಗಳು ಇರಾನಿನ ಜೊತೆ ಮಾಡಿದ 2015ರ ಅಣು ಒಪ್ಪಂದ ಮಿತಿಯನ್ನು ಶೇ. 3.67, 300 ಕೆ.ಜಿ.ಗೆ ಕಟ್ಟಿಹಾಕಿತ್ತು, 2018ರಲ್ಲಿ ಅಮೆರಿಕ ಅದರಿಂದ ಹೊರಬಂದ ಮೇಲೆಯೇ ಇರಾನ್ ಮಿತಿ ದಾಟಿದ್ದು. ಹೆದರಿಸುವವರು ಈ ಭಾಗ ಹೇಳುವುದು ಕಡಿಮೆ.

ಸರಕು ಸಿಕ್ಕಿದ ಮೇಲೂ ಕೆಲಸ ಬಾಕಿ. ಅದು ಅನಿಲದ ರೂಪದಲ್ಲಿರುತ್ತದೆ. ಲೋಹ ಮಾಡಬೇಕು, ಕಡೆದು ಆಕಾರ ಕೊಡಬೇಕು, ಸುತ್ತಲಿನ ಸಿಡಿಮದ್ದು ಮೈಕ್ರೋಸೆಕೆಂಡಿನ ಲೆಕ್ಕದಲ್ಲಿ ಒಟ್ಟಿಗೆ ಸಿಡಿಯಬೇಕು, ಇಡೀ ಸಾಮಾನು ಕ್ಷಿಪಣಿಯ ಮೂತಿಯಲ್ಲಿ ಹಿಡಿಯಬೇಕು, ಬಿಸಿಗೂ ಅದುರಿಗೂ ತಾಳಬೇಕು. ಇದಕ್ಕೆ ತಿಂಗಳುಗಟ್ಟಲೆ, ಕೆಲವರ ಅಂದಾಜಿನಲ್ಲಿ ವರ್ಷಕ್ಕೂ ಮೇಲೆ. ಮಾಡಬೇಕೆಂದು ತೀರ್ಮಾನಿಸುವುದು ಬೇರೆಯೇ ಹೆಜ್ಜೆ. 2025ರ ಮಾರ್ಚಿನಲ್ಲಿ ಅಮೆರಿಕದ ಗುಪ್ತಚರ ಮುಖ್ಯಸ್ಥೆ ತುಳಸಿ ಗಬ್ಬಾರ್ಡ್ ಸಂಸತ್ತಿನ ಮುಂದೆ, ಇರಾನ್ ಅಣ್ವಸ್ತ್ರ ಮಾಡುತ್ತಿಲ್ಲವೆಂದೇ ತಮ್ಮ ಅಂದಾಜು ಎಂದಿದ್ದರು. ಮೂರು ತಿಂಗಳಲ್ಲಿ ಬಾಂಬು ಬಿದ್ದದ್ದು ಇರಾನಿನ ಮೇಲೆ.

ಗಡುವುಗಳೂ ಹಳೆಯವೇ. 1992ರಲ್ಲಿ ಇಸ್ರೇಲಿನ ನೆತನ್ಯಾಹು ಮೂರರಿಂದ ಐದು ವರ್ಷ ಎಂದರು. 2012ರಲ್ಲಿ ವಿಶ್ವಸಂಸ್ಥೆಯಲ್ಲಿ ಬಾಂಬಿನ ಚಿತ್ರ ಹಿಡಿದು ಕೆಂಪು ಗೆರೆ ಎಳೆದರು. ಇರಾಕಿನದ್ದು ಇನ್ನೂ ಪಾಠದಂತಿದೆ. ಅಲ್ಲಿ ತರಿಸಿದ್ದ 81 ಮಿ.ಮೀ. ಅಲ್ಯೂಮಿನಿಯಂ ಕೊಳವೆಗಳು ಸೆಂಟ್ರಿಫ್ಯೂಜಿಗೆ, ಅಂದರೆ ಯುರೇನಿಯಂ ಶುದ್ಧ ಮಾಡುವ ತಿರುಗುಯಂತ್ರಕ್ಕೆ, ಎಂದು 2002ರಲ್ಲಿ ಬುಷ್ ಸರಕಾರ ಸಾರಿತು. ಕೊಳವೆಯ ಗೋಡೆ 3.3 ಮಿ.ಮೀ. ದಪ್ಪ, ಸೆಂಟ್ರಿಫ್ಯೂಜಿಗೆ ಬೇಕಾದದ್ದು ಸುಮಾರು ಒಂದು ಮಿ.ಮೀ. ಅವು ರಾಕೆಟಿನ ಕೊಳವೆಗಳು. ಅಮೆರಿಕದ ಇಂಧನ ಇಲಾಖೆಯ ತಜ್ಞರೇ ಹಾಗೆ ಹೇಳಿದ್ದರು, ಕೇಳುವವರಿರಲಿಲ್ಲ.

ಆದ್ದರಿಂದ ಸುದ್ದಿ ಓದುವಾಗ ಶೇಕಡಾ, ಕೆ.ಜಿ., ಹೇಳಿದವರು ಯಾರು ಅಂತ ನೋಡಿ. “ಮಾಡಬಲ್ಲದು” ಅಂತಿದೆಯೋ “ಮಾಡುತ್ತಿದೆ” ಅಂತಿದೆಯೋ ಅದನ್ನೂ ನೋಡಿ; ಅನುವಾದದಲ್ಲಿ ಮೊದಲು ಕಳೆದುಹೋಗುವುದು ಅದೇ.

ಮಗನ ವಿಷಯಕ್ಕೆ ಬಂದರೆ, ಗಲ್ಫಿಗೆ ತಟ್ಟುವುದು ಅಣುಬಾಂಬಲ್ಲ, ಸಾಮಾನ್ಯ ಕ್ಷಿಪಣಿ. 2025ರ ಜೂನ್ 23ರಂದು ಕತಾರಿನ ಅಲ್ ಉದೈದ್ ನೆಲೆಯ ಮೇಲೆ ಇರಾನ್ ಕ್ಷಿಪಣಿ ಹಾರಿಸಿದಾಗ ಸುತ್ತಲಿನ ವಾಯುಮಾರ್ಗ ಮುಚ್ಚಿ ವಿಮಾನಗಳು ನಿಂತವು. ರಾಯಭಾರ ಕಚೇರಿಯ ಸೂಚನೆ ನೋಡುತ್ತಿರಲಿ, ಪಾಸ್‌ಪೋರ್ಟಿನ ಅವಧಿ ಮುಗಿಯುವ ಮೊದಲೇ ನವೀಕರಿಸಿಕೊಳ್ಳಲಿ, ಟಿಕೆಟಿಗೆ ಬೇಕಾದಷ್ಟು ಹಣ ಕೈಯಲ್ಲಿಟ್ಟುಕೊಳ್ಳಲಿ. ಟಿವಿಯ ಒಂದು ಹೆಡ್‌ಲೈನ್ ನೋಡಿ ಕೆಲಸ ಬಿಟ್ಟು ಬರಬೇಕಾಗಿಲ್ಲ.